ಅಂತೇವಾಸಿಯ ಬರಹ: ಮೊಳಕಾಲ್ಮುರು–ಚಳ್ಳಕೆರೆ ಸೀಮೆಯ ಒಂದು ವಿದ್ಯಾಚರಿತ್ರೆ

ಕನ್ನಡನಾಡಿನಲ್ಲಿ ಗುರುಶಿಷ್ಯ ಸಂಬಂಧವನ್ನು ಕುರಿತು ಬರಹದಲ್ಲಿ ದೊರೆಯುವ ಅತ್ಯಂತ ಪ್ರಾಚೀನವಾದ ಮಾತು ಯಾವುದೆಂದು ಕೇಳಿದರೆ, ಅದಕ್ಕೆ ಉತ್ತರವನ್ನು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲೆ ಹುಡುಕಬೇಕು. ಸಿದ್ಧಾಪುರದ ಸಮೀಪದ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಕಿರು ಶಾಸನಗಳಿವೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಾಯಿತಂದೆಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳನ್ನು ಹೇಳಿದ ಮೇಲೆ, ಅಂತೇವಾಸಿಯಾದವನು ಆಚಾರ್ಯನನ್ನು ಗೌರವಿಸಬೇಕು, ಇದು ಪುರಾತನವಾದ ನಡೆ ಎಂದು ಅಲ್ಲಿ ವಿಧಿಸಲಾಗಿದೆ. ಅಂತೇವಾಸಿ ಎಂದರೆ ಗುರುವಿನ ಬಳಿಯಲ್ಲೇ ವಾಸಿಸುತ್ತ ಕಲಿಯುವ ವಿದ್ಯಾರ್ಥಿ.

ಈ ಶಾಸನಗಳ ಕೊನೆಯಲ್ಲಿರುವ ಇನ್ನೊಂದು ಸಂಗತಿ ವಿದ್ಯಾರ್ಥಿಗಳ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಆಜ್ಞೆಯನ್ನು ಬರೆದ ಲಿಪಿಕಾರನು ತನ್ನ ಹೆಸರು ಚಪಡ ಎಂದು ತಿಳಿಸಿದ್ದಾನೆ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ಭಾರತದಲ್ಲಿ ರೂಢಿಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಶಾಸನದಲ್ಲಿ ಬರಹಗಾರನ ಹೆಸರಿಗೆ ಎಡೆ ದೊರೆಯಿತು. ಆ ಒಂದು ಹೆಸರಿನಿಂದಲೇ ದೂರದ ಗಾಂಧಾರ ಸೀಮೆಗೂ ಮೊಳಕಾಲ್ಮುರಿನ ಕುರುಚಲು ಬೆಟ್ಟಗಳಿಗೂ ಇದ್ದ ಸಂಪರ್ಕವನ್ನು ವಿದ್ವಾಂಸರು ಊಹಿಸಲು ಸಾಧ್ಯವಾಯಿತು. ಬರೆದವನು ಯಾರೆಂಬುದು ಬರಹದ ಪ್ರಾಮಾಣ್ಯದ ಒಂದು ಭಾಗವೇ ಆಗಿದೆ. ವಿದ್ಯಾರ್ಥಿಯ ಸಂಶೋಧನೆ ಅಚ್ಚಾಗುವ ಪ್ರಶ್ನೆಯಲ್ಲಿ ಇಂದಿಗೂ ತೊಡಕಾಗಿರುವುದು ಇದೇ: ಅಧ್ಯಯನವು ಯಾರ ಹೆಸರಿನಲ್ಲಿ ಲೋಕಕ್ಕೆ ಬರಬೇಕು, ಬಂದ ಮೇಲೆ ಅದನ್ನು ಯಾರು ಒರೆಗೆ ಹಚ್ಚಬೇಕು? ಮೊಳಕಾಲ್ಮುರು ಮತ್ತು ಅದಕ್ಕೆ ಹೊಂದಿಕೊಂಡ ಚಳ್ಳಕೆರೆ, ಈ ಎರಡು ತಾಲ್ಲೂಕುಗಳ ವಿದ್ಯಾಚರಿತ್ರೆಯಲ್ಲಿ ಈ ಪ್ರಶ್ನೆಗೆ ಉಪಯುಕ್ತವಾದ ನಿದರ್ಶನಗಳಿವೆ.

ಶಾಸನಗಳನ್ನು ಬಿ. ಎಲ್. ರೈಸರು ಬೆಳಕಿಗೆ ತಂದದ್ದು 1892ರಲ್ಲಿ. ಅವರು ಆ ವರ್ಷವೇ ಅವುಗಳನ್ನು ಪುಸ್ತಿಕೆಯ ರೂಪದಲ್ಲಿ ಪ್ರಕಟಿಸಿದರು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಬ್ಯೂಲರ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾ ಪತ್ರಿಕೆಯ 3ನೆಯ ಸಂಪುಟದಲ್ಲಿ ಅವುಗಳ ಪಾಠವನ್ನು ಮರಳಿ ಪರಿಶೀಲಿಸಿದರು. ರೈಸರ ಚಿತ್ರದುರ್ಗ ಜಿಲ್ಲಾ ಶಾಸನ ಸಂಪುಟ, ಎಂದರೆ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟ, 1903ರಲ್ಲಿ ಹೊರಬಂದಿತು. ಶೋಧ, ಪ್ರಕಟಣೆ, ಮರುಪರಿಶೀಲನೆ ಎಂಬ ಈ ಮೂರು ಹೆಜ್ಜೆಗಳು ನೋಡುವುದಕ್ಕೆ ಸರಳ. ಆದರೆ ನಡುವಣ ಹೆಜ್ಜೆಯೊಂದು ತಪ್ಪಿದರೆ ಮೊದಲನೆಯದು ವ್ಯರ್ಥ, ಮೂರನೆಯದು ಅಸಾಧ್ಯ.

ಬ್ರಹ್ಮಗಿರಿಯ ನೆಲವನ್ನು ಅಗೆದ ಕಥೆ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1940ರಲ್ಲಿ ಇಲ್ಲಿ ಉತ್ಖನನವನ್ನು ಆರಂಭಿಸಿ, ಫಲಿತಾಂಶಗಳನ್ನು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರಕಟಿಸಿದರು. ಅವರು 1947ರಲ್ಲಿ ನಿಧನರಾದರು. ಅದೇ ವರ್ಷ ಭಾರತ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಅಗೆದರು. ಅವರ ವಿಸ್ತಾರವಾದ ವರದಿಯು ಸರ್ವೇಕ್ಷಣದ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 4ನೆಯ ಸಂಚಿಕೆಯಲ್ಲಿ ಬಂದಿತು. ಆ ಸಂಚಿಕೆಯ ಮೇಲಿರುವ ಕಾಲ 1947ರ ಜುಲೈಯಿಂದ 1948ರ ಜನವರಿ. ಅಗೆತದ ಧೂಳು ಆರುವ ಮೊದಲೇ ವರದಿ ಸಿದ್ಧವಾಯಿತೆಂದರೂ ತಪ್ಪಾಗದು. ಅಗೆದು ಪ್ರಕಟಿಸದಿರುವುದು ನೆಲದ ನಾಶಕ್ಕೆ ಸಮಾನವೆಂಬ ನಿಲುವು ವ್ಹೀಲರರದು; ಅವರ ಅಧಿಕಾರವಾಣಿಯನ್ನು ಮೆಚ್ಚದವರೂ ಈ ಒಂದು ವಿಷಯದಲ್ಲಿ ಅವರನ್ನು ಒಪ್ಪಬೇಕು.

ಆ ವರದಿಯ ಕಾಲನಿರ್ಣಯ ಹೀಗಿತ್ತು. ಕೆಳಗಿನ ಸ್ತರದಲ್ಲಿ ಕಲ್ಲುಕೊಡಲಿಯ ಸಂಸ್ಕೃತಿ, ಅದು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ಕ್ರಿ.ಪೂ. 2ನೆಯ ಶತಮಾನದ ತನಕ. ಅದರ ಮೇಲೆ ಕಬ್ಬಿಣವನ್ನು ಬಲ್ಲ ಬೃಹತ್‌ಶಿಲಾ ಸಮಾಧಿಗಳ ಸಂಸ್ಕೃತಿ. ಅದು ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. 1ನೆಯ ಶತಮಾನದ ನಡುವಿನವರೆಗೆ. ಅದರ ಮೇಲೆ ಆಂಧ್ರ, ಅಂದರೆ ಸಾತವಾಹನ ಕಾಲದ ಸಂಸ್ಕೃತಿ. ಚಂದ್ರವಳ್ಳಿಯ ರೋಮನ್ ನಾಣ್ಯಗಳೂ ಅರಿಕಮೇಡಿನಲ್ಲಿ ದೊರೆತ ಬಗೆಯ ಮಡಕೆಗಳೂ ಮೇಲಿನ ಸ್ತರದ ಕಾಲಕ್ಕೆ ಆಧಾರವಾದವು. ಕೆಳಗಿನವನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕಹಾಕಲಾಯಿತು. ಇದರ ತಾತ್ಪರ್ಯವೇನೆಂದರೆ, ಚಪಡನ ಅಕ್ಷರಗಳು ಬಂಡೆಯ ಮೇಲೆ ಮೂಡುತ್ತಿದ್ದಾಗ ಅದರ ಬುಡದ ಊರಿನವರು ಇನ್ನೂ ಕಲ್ಲಿನ ಕೊಡಲಿಯನ್ನೇ ಬಳಸುತ್ತಿದ್ದರು ಎಂದಾಗುತ್ತದೆ. ಈ ಚಿತ್ರ ಮನಸ್ಸನ್ನು ಸೆಳೆಯುವಂಥದು. ಆದರೆ ಅದು ನಿಲ್ಲಲಿಲ್ಲ.

ಅದನ್ನು ಕದಲಿಸುವ ಕೆಲಸದಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್. ಡಿ. ಸಂಕಾಲಿಯಾ ಅವರ ಶಿಷ್ಯರಾಗಿದ್ದ ಬಿ. ಸುಬ್ಬರಾವ್ ಅವರು ಮೊಳಕಾಲ್ಮುರಿಗೆ ನೆರೆಯ ಬಳ್ಳಾರಿ ಸೀಮೆಯ ಸಂಗನಕಲ್ಲಿನಲ್ಲಿ ಅಗೆತ ನಡೆಸಿದರು. ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಅವರ ಪ್ರೌಢಪ್ರಬಂಧವನ್ನು ಕಾಲೇಜು 1948ರಲ್ಲೇ ತನ್ನ ಪ್ರಬಂಧಮಾಲೆಯಲ್ಲಿ ಅಚ್ಚುಹಾಕಿಸಿತು. ಮಹಾನಿರ್ದೇಶಕರ ವರದಿಯೂ ಶಿಷ್ಯನ ಪ್ರಬಂಧವೂ ಹೆಚ್ಚುಕಡಮೆ ಏಕಕಾಲಕ್ಕೆ ವಿದ್ವಾಂಸರ ಕೈಸೇರಿದವು. ಬ್ರಹ್ಮಗಿರಿಯ ಸ್ತರಗಳನ್ನು ಸಂಗನಕಲ್ಲಿನ ಸ್ತರಗಳೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. ಮುಂದೆ ಎಫ್. ಆರ್. ಆಲ್ಚಿನ್ ಅವರು ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಗಳನ್ನು ಕುರಿತು 1954ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಿದರು. ಪಿಕ್ಲಿಹಾಳದ ಅವರ ವರದಿ 1960ರಲ್ಲಿಯೂ ಉಟ್ನೂರಿನದು 1961ರಲ್ಲಿಯೂ ಪ್ರಕಟವಾದವು. ಉಟ್ನೂರಿನ ಬೂದಿದಿಬ್ಬದ ಇದ್ದಿಲನ್ನು ರೇಡಿಯೋಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅದರ ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋಯಿತು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯನ್ನು ಅಗೆದ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅವರ ವರದಿಯನ್ನು ಡೆಕ್ಕನ್ ಕಾಲೇಜು 1965ರಲ್ಲಿ ಪ್ರಕಟಿಸಿತು. ನಾಗರಾಜರಾವ್ ಅವರ ಹಳ್ಳೂರು ಉತ್ಖನನದ ವರದಿ 1971ರಲ್ಲಿ ಬಂದಿತು. ಕಬ್ಬಿಣದ ಬಳಕೆ ಕ್ರಿ.ಪೂ. ಸುಮಾರು 1000ದಷ್ಟು ಹಿಂದಿನದೆಂಬುದು ಅಲ್ಲಿಯ ಇದ್ದಿಲಿನಿಂದ ತಿಳಿಯಿತು. ಹೀಗೆ ವ್ಹೀಲರರು ಕ್ರಿ.ಪೂ. 200 ಎಂದಿದ್ದ ಗಡಿ ಎಂಟು ಶತಮಾನಗಳಷ್ಟು ಹಿಂದೆ ಸರಿಯಿತು. ಅಶೋಕನ ಕಾಲಕ್ಕೆ ಬ್ರಹ್ಮಗಿರಿಯ ಜನರು ಕಬ್ಬಿಣವನ್ನು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ಮಾತು.

ವ್ಹೀಲರರಿಗೆ ಇದರಿಂದ ಕುಂದು ಬಂದಿತೆಂದು ತಿಳಿಯಬೇಕಾಗಿಲ್ಲ. ಪ್ರತಿಯೊಂದು ಸ್ತರದ ನಕ್ಷೆ, ಮಡಕೆಯ ಚಿತ್ರ, ಆಳದ ಅಳತೆಗಳನ್ನು ಅವರು ಅಚ್ಚಿನಲ್ಲಿ ಒಪ್ಪಿಸಿದ್ದರಿಂದಲೇ ಅವರ ತೀರ್ಮಾನವನ್ನು ಇತರರು ತಿದ್ದಬಲ್ಲವರಾದರು. ಸುಬ್ಬರಾವ್ ಅವರ ಪ್ರಬಂಧವು ವಿಶ್ವವಿದ್ಯಾನಿಲಯದ ಕಪಾಟಿನಲ್ಲಿಯೇ ಉಳಿದಿದ್ದರೆ? ಒಬ್ಬರಿಗೆ ಪದವಿ ಬರುತ್ತಿತ್ತು, ಬಳ್ಳಾರಿಯ ಶಿಲಾಯುಗ ಮಾತ್ರ ಕತ್ತಲಲ್ಲೇ ಇರುತ್ತಿತ್ತು.

ನೆಲದಲ್ಲಿ ಹುದುಗಿದ ಚರಿತ್ರೆಗೆ ಮೊಳಕಾಲ್ಮುರು ನೆಲೆಯಾದರೆ, ತಾಳೆಯೋಲೆಯಲ್ಲಿ ಹುದುಗಿದ ಚರಿತ್ರೆಯನ್ನು ಬಿಡಿಸಿ ಓದುವ ವಿದ್ಯೆಗೆ ಚಳ್ಳಕೆರೆ ತಾಲ್ಲೂಕು ಒಬ್ಬ ಆಚಾರ್ಯರನ್ನು ಕೊಟ್ಟಿತು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ತಳುಕು ಗ್ರಾಮ ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯನವರ (1885–1939) ಊರು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿದರೂ ಕನ್ನಡದಲ್ಲಿ ಎಂ.ಎ. ತರಗತಿ ಆರಂಭವಾಗಲು 1927ರವರೆಗೆ ಕಾಯಬೇಕಾಯಿತು. ಆ ತರಗತಿಗೆ ಮೊದಲ ಕನ್ನಡ ಪ್ರಾಧ್ಯಾಪಕರಾಗಿ ಬಂದವರು ವೆಂಕಣ್ಣಯ್ಯನವರು.

ಅದಕ್ಕೆ ಎಂಟು ವರ್ಷ ಮೊದಲೇ, 1919ರಲ್ಲಿ, ಅವರ ಆಪ್ತಮಿತ್ರರಾದ ಎ. ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಎಂಬ ತ್ರೈಮಾಸಿಕವನ್ನು ಹೊರಡಿಸಿದ್ದರು. ಇದು ಸಾಮಾನ್ಯ ಸಂಗತಿಯಲ್ಲ. ಪಾಠ, ಪರೀಕ್ಷೆ, ವಿದ್ವತ್ತಿನ ಚರ್ಚೆ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲೇಜೊಂದರಲ್ಲಿ, ಒಂದು ವಿದ್ಯಾರ್ಥಿಸಂಘದ ಆಶ್ರಯದಲ್ಲಿ, ಕನ್ನಡದ ಪ್ರೌಢ ಲೇಖನಗಳಿಗೆ ಮೀಸಲಾದ ಪತ್ರಿಕೆ ಹುಟ್ಟಿತು. ಅಚ್ಚಿನ ಮನೆ ಮೊದಲು, ಎಂ.ಎ. ತರಗತಿ ಆಮೇಲೆ ಎಂಬ ಈ ಅನುಕ್ರಮ ಗಮನಾರ್ಹವಾದದ್ದು. ಬರೆದದ್ದಕ್ಕೆ ಎಡೆಯುಂಟು, ಓದಿ ತಿದ್ದುವ ಸಂಪಾದಕರುಂಟು ಎಂಬ ಭರವಸೆ ಇಲ್ಲದಿದ್ದಲ್ಲಿ ಕನ್ನಡದಲ್ಲಿ ಸಂಶೋಧಿಸುವ ಹಂಬಲ ತರುಣರಲ್ಲಿ ಹೇಗೆ ಹುಟ್ಟೀತು? ಪತ್ರಿಕೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದು, ಕನ್ನಡ ಸಂಶೋಧನೆಗೆ ದಶಕಗಳ ಕಾಲ ಮುಖ್ಯ ವೇದಿಕೆಯಾಯಿತು.

ವೆಂಕಣ್ಣಯ್ಯನವರ ಸ್ವಂತ ಬರಹದ ಗಾತ್ರ ಕಿರಿದು. ಅವರ ಪಾಂಡಿತ್ಯಕ್ಕೆ ಹೋಲಿಸಿದರೆ ತೀರ ಕಿರಿದೆಂದೇ ಹೇಳಬೇಕು. ಆದರೆ ಅವರ ಬಳಿ ಕಲಿತವರ ಪಟ್ಟಿ ಆ ಕೊರತೆಯನ್ನು ತುಂಬಿಕೊಡುತ್ತದೆ. ತತ್ತ್ವಶಾಸ್ತ್ರದ ಕಡೆಗೆ ಒಲಿದಿದ್ದ ಕೆ. ವಿ. ಪುಟ್ಟಪ್ಪನವರನ್ನು ಕನ್ನಡ ಎಂ.ಎ.ಗೆ ತಂದವರು ಅವರೇ. ಆ ಶಿಷ್ಯರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ದಿವಂಗತರಾದ ಗುರುವಿಗೆ ಅರ್ಪಿಸಿದರು ಎಂಬುದು ಸರ್ವವಿದಿತ. ಸಂಶೋಧನೆಯ ದೃಷ್ಟಿಯಿಂದ ನೋಡುವಾಗ ಇನ್ನೊಬ್ಬ ಶಿಷ್ಯರಾದ ಡಿ. ಎಲ್. ನರಸಿಂಹಾಚಾರ್ಯರು ಹೆಚ್ಚು ಮುಖ್ಯರಾಗುತ್ತಾರೆ. ಓಲೆಯ ಪ್ರತಿಗಳನ್ನು ಹೋಲಿಸುವುದು, ಪಾಠಾಂತರಗಳನ್ನು ಗುರುತಿಸುವುದು, ಲಿಪಿಕಾರನ ತಪ್ಪನ್ನೂ ಕವಿಯ ಪ್ರಯೋಗವನ್ನೂ ಬೇರೆ ಮಾಡುವುದು, ಇವು ಉಪನ್ಯಾಸದಿಂದ ಬರುವ ವಿದ್ಯೆಗಳಲ್ಲ. ಗುರುವಿನ ಮಗ್ಗುಲಲ್ಲಿ ಕುಳಿತು ಕಲಿಯಬೇಕಾದವು. ಅಂತೇವಾಸಿ ಎಂಬ ಹಳೆಯ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮುಂದೆ ‘ವಡ್ಡಾರಾಧನೆ’ಯನ್ನು ಸಂಪಾದಿಸಿದವರೂ ‘ಕನ್ನಡ ಗ್ರಂಥಸಂಪಾದನೆ’ ಎಂಬ ಶಾಸ್ತ್ರಗ್ರಂಥವನ್ನು ಬರೆದವರೂ ಈ ನರಸಿಂಹಾಚಾರ್ಯರೇ.

ವೀರಶೈವ ಸಾಹಿತ್ಯದ ಅಭ್ಯಾಸಿಗಳು ಈ ಗುರುಶಿಷ್ಯರನ್ನು ವಿಶೇಷವಾಗಿ ನೆನೆಯಬೇಕಾದ ಕಾರಣವಿದೆ. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದವರು ವೆಂಕಣ್ಣಯ್ಯನವರು. 25 ಸ್ಥಲಗಳ ಆ ಕೃತಿಯಲ್ಲಿ 13 ಮಾತ್ರ ಉಳಿದುಬಂದಿವೆ. ಬಸವಣ್ಣನವರ ಜೀವನಕ್ಕೆ ಅತ್ಯಂತ ಸಮೀಪದ ಕಾವ್ಯಾಧಾರವೆಂದು ಚರಿತ್ರಕಾರರು ಮತ್ತೆಮತ್ತೆ ಹೊರಳುವುದು ಈ 13 ಸ್ಥಲಗಳ ಕಡೆಗೇ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಸಂಗ್ರಹವನ್ನು ಕೃಷ್ಣಶಾಸ್ತ್ರಿಗಳೊಡಗೂಡಿ ಅವರು ಸಿದ್ಧಪಡಿಸಿದರು. ಅದೇ ಕವಿಯ ಸಿದ್ಧರಾಮ ಚರಿತೆಯ ಮುಖಪುಟದಲ್ಲಿಯೋ ಸಂಪಾದಕರಾಗಿ ಎರಡು ಹೆಸರುಗಳಿವೆ: ಟಿ. ಎಸ್. ವೆಂಕಣ್ಣಯ್ಯ, ಡಿ. ಎಲ್. ನರಸಿಂಹಾಚಾರ್. ಒಬ್ಬರು ಪ್ರಾಧ್ಯಾಪಕರು, ಮತ್ತೊಬ್ಬರು ಅವರ ವಿದ್ಯಾರ್ಥಿಯಾಗಿದ್ದವರು. ಶಿಷ್ಯನ ದುಡಿಮೆಯನ್ನು ಮುನ್ನುಡಿಯ ಕೃತಜ್ಞತಾಸಾಲಿಗೆ ಇಳಿಸಿ ಗುರುವೊಬ್ಬನೇ ಮುಖಪುಟದಲ್ಲಿ ನಿಲ್ಲುವ ಪದ್ಧತಿ ಲೋಕದಲ್ಲಿ ಅಪರೂಪವೇನಲ್ಲ. ಆ ಕಾರಣದಿಂದ ಈ ಎರಡು ಹೆಸರುಗಳ ಮುಖಪುಟ ಒಂದು ದಾಖಲೆಯಷ್ಟೇ ಬೆಲೆಯುಳ್ಳದ್ದು. ವೆಂಕಣ್ಣಯ್ಯನವರ ತಮ್ಮಂದಿರಾದ ತ. ಸು. ಶಾಮರಾಯರೂ ಅಧ್ಯಾಪಕರಾಗಿ ಇದೇ ದಾರಿ ಹಿಡಿದು ‘ಶಿವಶರಣ ಕಥಾರತ್ನಕೋಶ’ವನ್ನು ರಚಿಸಿದರು. ಶರಣರ ಕಥೆಗಳ ಆಕರವನ್ನು ಹುಡುಕುವ ವಿದ್ಯಾರ್ಥಿಗೆ ಅದು ಕೈದೀಪದಂತಿದೆ. ತಳುಕಿನ ಮನೆತನ ವೀರಶೈವ ಮನೆತನವಲ್ಲ. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಪತ್ರಿಕೆಯ ಮೂಲಕ ವಿಜಯಪುರದಿಂದ ಆರಂಭಿಸಿದ ಕಾರ್ಯಕ್ಕೆ ಮೈಸೂರಿನ ಕಡೆಯಿಂದ ಹೀಗೆ ಪೂರಕವಾದ ದುಡಿಮೆ ನಡೆಯಿತು.

ವಿದ್ಯಾರ್ಥಿಯ ಪ್ರಬಂಧ ಅಚ್ಚಾದಾಗ ವಿಷಯದ ಓದೇ ಬದಲಾಗುತ್ತದೆ. ಶಿ. ಚೆ. ನಂದೀಮಠರು ಲಂಡನ್ನಿನಲ್ಲಿ ಸಿದ್ಧಪಡಿಸಿದ ಪ್ರಬಂಧದ ಫಲವಾದ ವೀರಶೈವ ಕೈಪಿಡಿ 1942ರಲ್ಲಿ ಧಾರವಾಡದಿಂದ ಇಂಗ್ಲಿಷಿನಲ್ಲಿ ಹೊರಬಂದಮೇಲೆ ಹೊರನಾಡಿನ ವಿದ್ವಾಂಸರಿಗೆ ಈ ಧರ್ಮದ ಬಗೆಗೆ ಒಂದು ಆಧಾರಗ್ರಂಥ ದೊರೆಯಿತು. ಎಂ. ಚಿದಾನಂದಮೂರ್ತಿಯವರ ಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಗಿ, ಶಾಸನವೆಂದರೆ ರಾಜರ ವಂಶಾವಳಿ ಮಾತ್ರವಲ್ಲ, ಜನಜೀವನದ ಕಡತವೂ ಹೌದೆಂಬುದನ್ನು ಒಂದು ತಲೆಮಾರಿಗೆ ಕಲಿಸಿತು.

ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ಕಲ್ಲಲ್ಲದ, ಓಲೆಯಲ್ಲದ ಮೂರನೆಯ ಆಕರವೊಂದಿದೆ. ಅದು ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸಬೇಡರ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ಕಥನಗಳ ರಾಶಿ. ಜುಂಜಪ್ಪ, ಎತ್ತಪ್ಪ, ಗಾದ್ರಿಪಾಲನಾಯಕರಂಥ ವೀರರ ಕಾವ್ಯಗಳು ಇಲ್ಲಿ ಇನ್ನೂ ಹಾಡಿಕೆಯಲ್ಲಿವೆ. ತೀ. ನಂ. ಶಂಕರನಾರಾಯಣ ಅವರು ಕಾಡುಗೊಲ್ಲರನ್ನು ಕುರಿತು ನಡೆಸಿದ ಅಧ್ಯಯನ, ಕೃಷ್ಣಮೂರ್ತಿ ಹನೂರರ ಸಂಗ್ರಹಗಳು ಈ ರಾಶಿಯನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರವನ್ನು ಅರಿಯದವರು. ಆದರೆ ಸಾವಿರಾರು ಪದಗಳ ಭಂಡಾರವನ್ನು ನೆನಪಿನಲ್ಲಿ ಹೊತ್ತಿದ್ದರು. ಅವರ ಹೆಸರು ಇಂದು ಅಧ್ಯಯನಗ್ರಂಥಗಳಲ್ಲಿ ಉಳಿದಿದೆ. ಎಲ್ಲ ಹಾಡುಗಾರರಿಗೂ ಈ ನ್ಯಾಯ ದೊರೆತಿಲ್ಲ. ಹಾಡಿದವರ ಹೆಸರು, ಊರು, ಸಂಗ್ರಹಿಸಿದ ದಿನ ಇಲ್ಲದೆ ಅಚ್ಚಾದ ಪದಗಳು ಎಷ್ಟೋ ಇವೆ. ಸ್ತರದ ಗುರುತಿಲ್ಲದೆ ನೆಲದಿಂದ ಕಿತ್ತುತಂದ ಮಡಕೆಯ ಚೂರಿನಂತೆ, ಅವು ಇದ್ದೂ ಪ್ರಮಾಣಕ್ಕೆ ಒದಗುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ಗುರುವಿನ ಋಣ, ಶಿಷ್ಯನ ಋಣಗಳ ಜೊತೆಗೆ ಹಾಡುಗಾರನ ಋಣವೂ ಸೇರುತ್ತದೆ.

ಇತ್ತೀಚಿನ ದಶಕಗಳಲ್ಲಿ ಪ್ರಕಟಣೆಯು ಕಾಯಿದೆಯ ವಿಷಯವಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸುವ ಮೊದಲು ತಜ್ಞರ ಪರಿಶೀಲನೆಯುಳ್ಳ ಪತ್ರಿಕೆಯಲ್ಲಿ ಒಂದು ಲೇಖನವನ್ನಾದರೂ ಪ್ರಕಟಿಸಿರಬೇಕೆಂದು ವಿಧಿಸಿತು. ಉದ್ದೇಶ ಒಳ್ಳೆಯದು, ಫಲ ವಿಪರೀತವಾಯಿತು. ಪರಿಶೀಲನೆಯ ಸೋಗು ಹಾಕಿ ಹಣ ಪಡೆದು ಅಚ್ಚುಮಾಡುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಆಯೋಗವು ತಾನೇ ಮಾನ್ಯಮಾಡಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಬಳಿಕ ಬಂದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಮರಳಿ ವಿಶ್ವವಿದ್ಯಾನಿಲಯಗಳ ಮೇಲೆ ಬಿದ್ದಿದೆ. ಕಡ್ಡಾಯ ಪ್ರಕಟಣೆಯ ವಿಧಿ 2022ರ ನಿಯಮಾವಳಿಯಲ್ಲಿಯೇ ಹೋಗಿತ್ತು. ಹದಿಮೂರು ವರ್ಷ ಕಾಯಿದೆಗಾಗಿ ಬರೆದ ಲೇಖನಗಳಲ್ಲಿ ಉಳಿಯುವವು ಎಷ್ಟೆಂಬುದನ್ನು ಕಾಲವೇ ತಿಳಿಸಬೇಕು. ಪ್ರಬುದ್ಧ ಕರ್ನಾಟಕಕ್ಕೆ 1919ರಲ್ಲಿ ಬರೆದ ತರುಣರ ಮುಂದೆ ಇಂಥ ಯಾವ ವಿಧಿಯೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಅದೇ 2009ರ ನಿಯಮಾವಳಿಯ ಇನ್ನೊಂದು ವಿಧಿಯಿಂದ ಮಾತ್ರ ನಿಜವಾದ ಉಪಕಾರವಾಗಿದೆ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂಬ ಕಟ್ಟಳೆಯಿಂದ ‘ಶೋಧಗಂಗಾ’ ಭಂಡಾರ ಬೆಳೆಯಿತು. ಚಳ್ಳಕೆರೆಯಲ್ಲಿ ಕುಳಿತ ವಿದ್ಯಾರ್ಥಿ ಧಾರವಾಡದ ಪ್ರಬಂಧವನ್ನು ಓದಬಹುದಾಗಿದೆ. ಆದರೆ ಸ್ನಾತಕೋತ್ತರ ತರಗತಿಯವರು ಬರೆಯುವ ಕಿರುಪ್ರಬಂಧಗಳು ಆ ಭಂಡಾರದ ವ್ಯಾಪ್ತಿಗೆ ಸೇರಿದವಲ್ಲ. ಚಿತ್ರದುರ್ಗ ಜಿಲ್ಲೆ ಹಿಂದೆ, ತಳುಕಿನ ಗುರುವಿನ ಶಿಷ್ಯರ ಹೆಸರನ್ನೇ ಹೊತ್ತ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿತ್ತು. 2009ರಿಂದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದೆ. ತಮ್ಮ ಊರಿನ ಗುಡಿಯ ಶಾಸನ, ಹಟ್ಟಿಯ ದೇವರ ಪದ, ಬೀದಿಯ ವೀರಗಲ್ಲು, ಮಠದ ಕಡತ ಇವುಗಳನ್ನು ಕುರಿತು ಈ ತರಗತಿಗಳ ಮಕ್ಕಳು ಬರೆಯುವ ಪುಟಗಳು ಅಂಕ ಪಡೆದ ಮೇಲೆ ವಿಭಾಗದ ಕಪಾಟು ಸೇರುತ್ತವೆ. ಅವುಗಳಲ್ಲಿ ಬಹುಪಾಲು ಸಾಮಾನ್ಯವಾದವೇ ಇರಬಹುದು. ಆದರೆ ಮಾಹಿತಿ ಕೊಟ್ಟ ಮುದುಕರು ತೀರಿಕೊಂಡ ಮೇಲೆ, ವೀರಗಲ್ಲು ರಸ್ತೆಯ ಅಗಲೀಕರಣದಲ್ಲಿ ಹೋದ ಮೇಲೆ, ಆ ಸಾಮಾನ್ಯ ಪುಟವೇ ಏಕೈಕ ಆಕರವಾಗುತ್ತದೆ. ಅದರಲ್ಲಿ ನಾಲ್ಕು ಪುಟದ ಸಾರವನ್ನು, ವಿದ್ಯಾರ್ಥಿಯ ಹೆಸರು, ಹೇಳಿದವರ ಹೆಸರು, ಊರು, ತಾರೀಖು ಸಹಿತ ಮುದ್ರಿಸಲು ಒಂದು ತ್ರೈಮಾಸಿಕ ಸಾಕು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಸಂಘದ ಕೈಯಲ್ಲಿ ಇದ್ದದ್ದೂ ಒಂದು ತ್ರೈಮಾಸಿಕವೇ.